ಏಜೆಂಟ್ ಓದುವ ಕೈಪಿಡಿ: ನಿರ್ಮಾಣ ಯಂತ್ರಗಳ ನಿರ್ವಹಣೆಯಲ್ಲೊಂದು ಹೊಸ ಹೊಣೆ

ರಸ್ತೆ, ಸೇತುವೆ, ಬಹುಮಹಡಿ ಕಟ್ಟಡಗಳ ಗುತ್ತಿಗೆದಾರರಿಗೆ ಯಂತ್ರಗಳೇ ದೊಡ್ಡ ಬಂಡವಾಳ. ಯಾವ ಯಂತ್ರ ಎಲ್ಲಿದೆ, ಎಷ್ಟು ಗಂಟೆ ಓಡಿದೆ, ಯಾವುದಕ್ಕೆ ಸರ್ವಿಸ್ ಆಗಬೇಕು ಎಂಬ ಲೆಕ್ಕವನ್ನು ತಂತ್ರಾಂಶಗಳು ನೋಡಿಕೊಳ್ಳತೊಡಗಿ ಬಹಳ ವರ್ಷಗಳಾದವು. ಈಗ ಆ ತಂತ್ರಾಂಶಗಳನ್ನು ಮನುಷ್ಯರ ಪರವಾಗಿ ಎಐ ಏಜೆಂಟ್‌ಗಳು ನಡೆಸತೊಡಗಿವೆ. ಅಮೆರಿಕದಲ್ಲಿ ಇಂಥ ತಂತ್ರಾಂಶಗಳಿಗೆ ಕೈಪಿಡಿ ಬರೆಯುವ ವೃತ್ತಿಯಲ್ಲಿರುವ ನನಗೆ ಈ ಬದಲಾವಣೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಕೈಪಿಡಿಯ ವಾಕ್ಯವು ಇದುವರೆಗೆ ಓದುಗನಿಗೆ ಕೊಡುವ ತಿಳಿವಳಿಕೆಯಾಗಿತ್ತು. ಈಗ ಅದು ಕೆಲಸ ನಡೆಸುವ ವ್ಯವಸ್ಥೆಯ ಒಂದು ಭಾಗವಾಗಿದೆ. ಅದರ ಲೋಪಕ್ಕೆ ತೆರಬೇಕಾದ ಬೆಲೆಯೂ ಅಷ್ಟೇ ಹೆಚ್ಚಿದೆ.

ಸಲಕರಣೆ ಮತ್ತು ಅದರ ವಿವರಣೆ

ಏಜೆಂಟ್ ಎಂದರೆ ಪ್ರಶ್ನೆಗೆ ಉತ್ತರ ಕೊಡುವುದರ ಜೊತೆಗೆ ಬೇರೆ ತಂತ್ರಾಂಶಗಳನ್ನು ತಾನೇ ಬಳಸಿ ಕೆಲಸ ಮುಗಿಸುವ ತಂತ್ರಾಂಶ. ಯಂತ್ರದ ಸ್ಥಳ ತಿಳಿಯುವುದು, ಸರ್ವಿಸ್ ದಿನ ಗೊತ್ತುಪಡಿಸುವುದು, ಬಿಡಿಭಾಗ ತರಿಸುವುದು ಇವೆಲ್ಲ ಅದರ ಪಾಲಿಗೆ ಒಂದೊಂದು ಸಲಕರಣೆ. ಏಜೆಂಟ್‌ಗಳನ್ನು ಇಂಥ ಸಲಕರಣೆಗಳಿಗೆ ಜೋಡಿಸಲೆಂದು 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಅದರ ಪ್ರಕಾರ ಸಲಕರಣೆಗೆ ಒಂದು ಹೆಸರು, ಆಡುಭಾಷೆಯಲ್ಲಿ ಒಂದು ವಿವರಣೆ, ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಒದಗಿಸಬೇಕೆಂಬ ನಮೂನೆ ಇರುತ್ತವೆ. ಯಾವ ಸಲಕರಣೆಯನ್ನು ಯಾವಾಗ ಬಳಸಬೇಕೆಂದು ಏಜೆಂಟ್ ನಿರ್ಧರಿಸುವುದು ಬಹುಮಟ್ಟಿಗೆ ಇವುಗಳನ್ನು ಓದಿಯೇ.

ಅಂಕಿಯ ಹಿಂದಿನ ಅರ್ಥ

ಒಬ್ಬನೇ ಗುತ್ತಿಗೆದಾರನ ಬಳಿ ಕ್ಯಾಟರ್‌ಪಿಲ್ಲರ್, ಕೊಮಾಟ್ಸು, ವೋಲ್ವೊ ಮುಂತಾದ ಹಲವು ಕಂಪನಿಗಳ ಯಂತ್ರಗಳಿರುವುದುಂಟು. ಎಲ್ಲದರ ಮಾಹಿತಿಯೂ ಒಂದೇ ರೂಪದಲ್ಲಿ ದೊರೆಯಲೆಂದು ಅಮೆರಿಕದ ಯಂತ್ರೋಪಕರಣ ನಿರ್ವಾಹಕರ ಸಂಘವಾದ ಎಇಎಂಪಿ ಒಂದು ಮಾನಕವನ್ನು ರೂಪಿಸಿತು. ಅದರ ಮುಂದುವರಿದ ರೂಪವು 2016ರಲ್ಲಿ ಐಎಸ್‌ಒ 15143-3 ಎಂಬ ಹೆಸರಿನಲ್ಲಿ ಪ್ರಕಟವಾಯಿತು.

ಈ ಮಾನಕದಲ್ಲಿ ಇಂಧನಕ್ಕೆ ಸಂಬಂಧಿಸಿದ ಎರಡು ಅಂಕಿಗಳನ್ನು ನೋಡಿ: ಯಂತ್ರವು ಮೊದಲಿನಿಂದ ಇಂದಿನವರೆಗೆ ಬಳಸಿದ ಒಟ್ಟು ಇಂಧನ ಒಂದು, ಕಳೆದ 24 ಗಂಟೆಗಳಲ್ಲಿ ಬಳಸಿದ್ದು ಇನ್ನೊಂದು. ವಿವರಣೆಯಲ್ಲಿ ‘ಬಳಸಿದ ಇಂಧನ’ ಎಂದಷ್ಟೇ ಬರೆದಿದ್ದರೆ ಅನುಭವಿ ಫೋರ್‌ಮನ್ ಅಂಕಿಯ ಗಾತ್ರ ನೋಡಿಯೇ ಅದು ಯಾವುದೆಂದು ಗುರುತಿಸುತ್ತಾನೆ. ಏಜೆಂಟ್ ಒಂದನ್ನು ಇನ್ನೊಂದೆಂದು ತಿಳಿದು ಡೀಸೆಲ್ ಕಳವಾಗಿದೆಯೆಂದು ವರದಿ ಕೊಡಬಹುದು. ಆಪಾದನೆ ಬರುವುದು ಯಂತ್ರದ ಚಾಲಕನ ಮೇಲೆ.

ಗಂಟೆಗಳ ಲೆಕ್ಕವೂ ಹೀಗೆಯೇ. ಇಂಜಿನ್ ಓಡಿದ ಗಂಟೆಗಳಲ್ಲಿ, ಯಂತ್ರ ಕೆಲಸವಿಲ್ಲದೆ ಇಂಜಿನ್ ಚಾಲೂ ಇಟ್ಟುಕೊಂಡು ನಿಂತ ಹೊತ್ತೂ ಸಾಮಾನ್ಯವಾಗಿ ಸೇರಿರುತ್ತದೆ. 250 ಅಥವಾ 500 ಗಂಟೆಗಳಿಗೊಮ್ಮೆ ಮಾಡಬೇಕಾದ ಸರ್ವಿಸ್‌ಗೆ ಆ ಒಟ್ಟು ಮೊತ್ತ ಬೇಕು. ಯಂತ್ರ ಎಷ್ಟು ಹೊತ್ತು ದುಡಿಯಿತೆಂದು ತಿಳಿಯಲು ನಿಂತ ಹೊತ್ತನ್ನು ಕಳೆಯಬೇಕು. ಸುರಂಗದೊಳಗಿನ ಯಂತ್ರದಿಂದ ನೆಟ್‌ವರ್ಕ್ ಸಿಗದೆ ಮಾಹಿತಿ ಬಾರದಿದ್ದರೆ ಯಂತ್ರ ನಿಂತಿದೆಯೆಂದು ಅರ್ಥವಲ್ಲ. ಅಂಕಿಯೊಂದಿಗೆ ಅದು ದಾಖಲಾದ ಸಮಯವನ್ನೂ ನೋಡಬೇಕೆಂದು ವಿವರಣೆಯಲ್ಲಿ ಬರೆದಿರಬೇಕು.

ಇನ್ನು ಹೆಸರುಗಳ ತೊಡಕು. ನಮ್ಮ ಊರುಗಳಲ್ಲಿ ಹಿಂದೆ ಅಗೆಯುವ ತೋಳು, ಮುಂದೆ ಬಕೆಟ್ ಇರುವ ಯಂತ್ರ ಯಾವ ಕಂಪನಿಯದಾದರೂ ‘ಜೆಸಿಬಿ’ಯೇ, ಚೈನಿನ ಮೇಲೆ ಓಡುವ ಎಕ್ಸ್‌ಕವೇಟರ್ ಹಲವೆಡೆ ‘ಹಿಟಾಚಿ’. ಅಮೆರಿಕದ ಕಾಮಗಾರಿಗಳಲ್ಲಿ ಸಣ್ಣ ಸ್ಕಿಡ್ ಸ್ಟಿಯರ್ ಲೋಡರ್ ಯಾರದಾದರೂ ಅದನ್ನು ‘ಬಾಬ್‌ಕ್ಯಾಟ್’ ಎನ್ನುವವರು ಬಹಳ. ಆದ್ದರಿಂದ ಯಂತ್ರವನ್ನು ಸೀರಿಯಲ್ ನಂಬರಿನಿಂದಲೇ ಗುರುತಿಸಬೇಕು, ಎರಡು ಯಂತ್ರಗಳು ಹೊಂದಿಕೆಯಾದರೆ ಊಹಿಸದೆ ಕೇಳಬೇಕು ಎಂಬ ಸೂಚನೆ ಅಗತ್ಯ.

ದಾಖಲಿಸುವುದು ಬೇರೆ, ಪರೀಕ್ಷಿಸುವುದು ಬೇರೆ

ಇದುವರೆಗೆ ಹೇಳಿದ್ದು ಮಾಹಿತಿ ಓದುವ ಸಲಕರಣೆಗಳ ವಿಚಾರ. ಮಾಹಿತಿಯನ್ನು ಬದಲಿಸುವ ಸಲಕರಣೆಗಳಲ್ಲಿ ಜೀವದ ಪ್ರಶ್ನೆಯೇ ಬರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ಓಶಾದ ನಿಯಮ 1926.1412ರಂತೆ ಕ್ರೇನ್ ಬಳಸುವ ಪ್ರತಿ ಪಾಳಿಯ ಮುನ್ನ ಸಮರ್ಥ ವ್ಯಕ್ತಿಯೊಬ್ಬ ಅದನ್ನು ಕಣ್ಣಾರೆ ಪರೀಕ್ಷಿಸಲು ತೊಡಗಬೇಕು. ತಿಂಗಳ ಪರೀಕ್ಷೆಯ ದಾಖಲೆಯಲ್ಲಿ ಪರೀಕ್ಷಿಸಿದವರ ಹೆಸರು, ಸಹಿ, ದಿನಾಂಕಗಳಿರಬೇಕು. ಅದನ್ನು ಕನಿಷ್ಠ ಮೂರು ತಿಂಗಳು ಕಾಯ್ದಿಡಬೇಕು.

ಇಂಥ ದಾಖಲೆಯನ್ನು ಬರೆಯುವ ಸಲಕರಣೆಯೊಂದಕ್ಕೆ ‘ಕ್ರೇನ್ ಪರೀಕ್ಷೆಯನ್ನು ಪೂರ್ಣಗೊಳಿಸುತ್ತದೆ’ ಎಂಬ ವಿವರಣೆ ಇದೆಯೆಂದುಕೊಳ್ಳಿ. ಬಾಕಿ ಕೆಲಸಗಳನ್ನು ಮುಗಿಸೆಂದು ಆದೇಶ ಪಡೆದ ಏಜೆಂಟ್, ಯಾರೂ ಹಗ್ಗ, ಕೊಕ್ಕೆ, ಬ್ರೇಕುಗಳನ್ನು ನೋಡದಿದ್ದರೂ ಪರೀಕ್ಷೆ ಮುಗಿದಿದೆಯೆಂದು ಗುರುತು ಹಾಕಬಹುದು. ಸರಿಯಾದ ವಿವರಣೆ ಹೀಗಿರಬೇಕು: ‘ಒಬ್ಬ ವ್ಯಕ್ತಿ ಈಗಾಗಲೇ ನಡೆಸಿ ಸಹಿ ಮಾಡಿದ ಪರೀಕ್ಷೆಯ ಫಲಿತಾಂಶವನ್ನು ದಾಖಲಿಸುತ್ತದೆ. ಪರೀಕ್ಷಿಸಿದವರ ಹೆಸರಿಲ್ಲದೆ ಬಳಸಬಾರದು.’

ಆದರೆ ವಿವರಣೆ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಬೀಗವಾಗಲಾರದು. ಸಲಕರಣೆಯು ಕೇವಲ ಓದುವಂಥದೇ, ಅಳಿಸಲೂಬಲ್ಲದೇ ಎಂಬುದನ್ನು ಸೂಚಿಸುವ ಗುರುತುಗಳು ಮೇಲೆ ಹೇಳಿದ ಪ್ರೊಟೊಕಾಲ್‌ನಲ್ಲಿವೆ. ವಿಶ್ವಾಸಾರ್ಹ ಮೂಲದಿಂದ ಬಾರದ ಗುರುತುಗಳನ್ನು ನಂಬಬಾರದೆಂದು ಆ ನಿಯಮಾವಳಿಯೇ ಎಚ್ಚರಿಸುತ್ತದೆ. ಸಹಿಯಿಲ್ಲದ ದಾಖಲೆಯನ್ನು ತಂತ್ರಾಂಶವೇ ತಿರಸ್ಕರಿಸಬೇಕು. ಏಕೆ ತಿರಸ್ಕರಿಸಿತು, ಮುಂದೆ ಯಾರನ್ನು ಕೇಳಬೇಕು ಎಂಬುದನ್ನು ವಿವರಣೆ ತಿಳಿಸಬೇಕು.

ಹೊರನಾಡಿನ ಕನ್ನಡಿಗರಲ್ಲಿ ಇಂಥ ತಂತ್ರಾಂಶ ಕಟ್ಟುವವರು ಅನೇಕರಿದ್ದಾರೆ. ಕಾಮಗಾರಿಗಳಲ್ಲಿ ದುಡಿಯುವವರೂ ಇದ್ದಾರೆ. ಮೊದಲನೆಯವರಲ್ಲಿ ನನ್ನದೊಂದು ಅರಿಕೆ. ಸಲಕರಣೆಯ ವಿವರಣೆಯನ್ನು ಬಿಡುಗಡೆ ಮಾಡುವ ಮುನ್ನ ಒಬ್ಬ ಮೆಕ್ಯಾನಿಕ್‌ಗೋ ಕ್ರೇನ್ ಚಾಲಕನಿಗೋ ಓದಿ ಹೇಳಿ. ‘ಇಲ್ಲಿ ಗಂಟೆ ಎಂದರೆ ಯಾವ ಗಂಟೆ?’, ‘ಪರೀಕ್ಷೆ ಮಾಡುವವರು ಯಾರು?’ ಎಂದು ಅವರು ಕೇಳಿದರೆ ಆ ವಾಕ್ಯವನ್ನು ಮತ್ತೆ ಬರೆಯಿರಿ. ಏಜೆಂಟ್ ಅದನ್ನು ಕೇಳದೆಯೇ ಮುಂದುವರಿದೀತು.