ಸಾಕೆ ಬಿಸಿ ಮಾಡಿದರೆ ತಪ್ಪೇನು ಮಾರಾಯ್ರೆ?

ಮೊನ್ನೆ ಶನಿವಾರ ಇಲ್ಲೇ ಮುಂಬಯಿಯ ಒಂದು ಜಪಾನಿ ಹೋಟೆಲಿಗೆ ಹೋಗಿದ್ದೆ. ಹೆಸರು ಬೇಡ. ಗೆಳೆಯನಿಗೆ ಪ್ರಮೋಷನ್ ಆಗಿತ್ತು, ಬಿಲ್ಲು ಅವನದ್ದು. ಮೆನುವಿನಲ್ಲಿ ಯಾಮಾಹಾಯ್ ಜುನ್ಮಾಯ್ ಸಾಕೆ ಕಂಡಿತು. "ಇದನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಡಪ್ಪಾ" ಅಂದೆ. ವೇಟರ್ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಳ್ಳೆ ಸಾಕೆ ಬಿಸಿ ಮಾಡೋದಿಲ್ಲ ಸರ್, ಅಗ್ಗದ್ದು ಮಾತ್ರ" ಅಂತ ಹಿಂದಿಯಲ್ಲಿ ಪಾಠ ಹೇಳಿದ. ಗೆಳೆಯ ಬೇರೆ "ಮರ್ಯಾದೆ ತೆಗೀಬೇಡ ಮಾರಾಯಾ" ಅಂದ. ಬಾಟಲಿ ಐಸಿನ ಬಕೆಟ್ಟಿನಲ್ಲಿ ಕೂತು ಬಂತು. ಕುಡಿದರೆ ನಾಲಿಗೆಗೆ ತಣ್ಣಗಾಯಿತೇ ಹೊರತು ರುಚಿ ಅಂತ ಏನೂ ಸಿಗಲಿಲ್ಲ.

ಈ ಕಾನೂನು ಯಾರು ಮಾಡಿದ್ದು ಸ್ವಾಮಿ?

ಸಾಕೆ ಅಕ್ಕಿಯ ಮದ್ಯ. ಬೇಯಿಸಿದ ಅಕ್ಕಿಯ ಮೇಲೆ ಕೋಜಿ ಅನ್ನುವ ಬೂಷ್ಟು ಬೆಳೆಸಿ ಹುಳಿ ಬರಿಸಿ ಮಾಡುತ್ತಾರೆ. ಆಲ್ಕೋಹಾಲು ಸಾಮಾನ್ಯವಾಗಿ ಶೇಕಡಾ 15-16. ಅದನ್ನು ಎಷ್ಟು ಬಿಸಿ ಮಾಡಬೇಕು ಅನ್ನುವುದಕ್ಕೆ ಜಪಾನಿನವರ ಹತ್ತಿರ 5 ಡಿಗ್ರಿಗೊಂದು ಹೆಸರಿದೆ. 5 ಡಿಗ್ರಿ ಅಂದರೆ ಯುಕಿಬಿಯೆ, ಹಿಮದ ತಂಪು. 10 ಅಂದರೆ ಹೂವಿನ ತಂಪು. 30 ಬಿಸಿಲಿನ ಬೆಚ್ಚಗೆ. 35 ಹಿತೋಹಾದಾಕಾನ್, ಅಂದರೆ ಮನುಷ್ಯನ ಚರ್ಮದ ಬಿಸಿ. (ನಾವು ಉಗುರುಬೆಚ್ಚಗೆ ಅನ್ನುತ್ತೇವಲ್ಲ, ಅದೇ ಜಾತಿ!) 40 ನುರುಕಾನ್, 45 ಜೋಕಾನ್, 50 ಆತ್ಸುಕಾನ್, ಹೀಗೆ 55ರ ತನಕ. ಲೆಕ್ಕ ಹಾಕಿ ನೋಡಿ, ತಂಪಿಗೆ ಮೂರು ಹೆಸರು, ಬೆಚ್ಚಗಿನದಕ್ಕೆ ಆರು. ಬಿಸಿ ಮಾಡುವುದು ಅಗ್ಗದವರ ಚಟವಾಗಿದ್ದರೆ ಇಷ್ಟು ಮುತುವರ್ಜಿಯಿಂದ ಯಾರಾದರೂ ಹೆಸರಿಡುತ್ತಿದ್ದರೇ? 18ನೇ ಶತಮಾನದ ಶುರುವಿನಲ್ಲೇ ಕೈಬಾರಾ ಎಕ್ಕೆನ್ ಅನ್ನುವ ಪಂಡಿತ ತನ್ನ ಆರೋಗ್ಯದ ಪುಸ್ತಕದಲ್ಲಿ ಬೇಸಿಗೆಯಿರಲಿ, ಚಳಿಗಾಲವಿರಲಿ, ತಣ್ಣಗೂ ಬೇಡ, ಸುಡುಬಿಸಿಯೂ ಬೇಡ, ಬೆಚ್ಚಗೆ ಕುಡಿಯಿರಿ ಅಂತ ಬರೆದಿದ್ದಾನೆ.

ಹುಡುಗನ ಮಾತು ಪೂರ್ತಿ ಸುಳ್ಳೂ ಅಲ್ಲ, ಒಪ್ಪುತ್ತೇನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿಗೆ ಬರ ಬಂದಾಗ ಆಲ್ಕೋಹಾಲು, ಸಕ್ಕರೆ ಬೆರೆಸಿ ಒಂದಕ್ಕೆ ಮೂರು ಪಾಲು ಮಾಡಿದ ಸಾಕೆ ಬಂತು. ಅದರ ಕೆಟ್ಟ ರುಚಿ ಮುಚ್ಚಲು ಕುದಿಯುವಷ್ಟು ಕಾಯಿಸಿ ಕೊಡುತ್ತಿದ್ದರು. ಬಿಸಿ ಸಾಕೆಗೆ ಕೆಟ್ಟ ಹೆಸರು ಅಂಟಿದ್ದು ಹಾಗೆ. ಆದರೆ 2006ರ ಕಾನೂನಿನ ತಿದ್ದುಪಡಿಯಲ್ಲಿ ಆ ಮಾಲನ್ನು ಸಾಕೆ ಅಂತ ಕರೆಯುವುದೇ ನಿಂತಿತು. ರೋಗ ಹೋಗಿ ಇಷ್ಟು ವರ್ಷ ಆಯಿತು, ಪಥ್ಯ ಮಾತ್ರ ಇನ್ನೂ ನಡೀತಾ ಇದೆ.

ಇನ್ನು ಗಿಂಜೋ, ದಾಯ್‌ಗಿಂಜೋ. ಅಕ್ಕಿಯನ್ನು ಅರ್ಧದಷ್ಟು ಉಜ್ಜಿ ಮಾಡಿದ, ಬಾಳೆಹಣ್ಣು ಸೇಬಿನ ಪರಿಮಳದ ಸಾಕೆ. ಅದನ್ನು ಬಿಸಿ ಮಾಡಿದರೆ ಪರಿಮಳ ಹಾರಿ ಹೋಗುತ್ತದೆ, ಸರಿ. ಅದನ್ನು ತಂಪಾಗಿಯೇ ಕುಡಿಯಿರಿ, ಹಸಿ ಬಿಳಿ ಮೀನಿನ ಜೊತೆ. ಹಾಗಂತ ಎಲ್ಲದಕ್ಕೂ ಅದೇ ನಿಯಮವೇ? ಯಾಮಾಹಾಯಿಯಲ್ಲಿ ಲ್ಯಾಕ್ಟಿಕ್ ಹುಳಿ ಜಾಸ್ತಿ. ಫ್ರಿಜ್ಜಿನಿಂದ ತೆಗೆದರೆ ಅದು ಮುಖ ಗಂಟು ಹಾಕಿಕೊಂಡ ಮಾವನ ಹಾಗೆ. 45ಕ್ಕೆ ತಂದರೆ ಹುಳಿ ದುಂಡಗಾಗಿ ಅಕ್ಕಿಯ ರುಚಿ ಮೇಲೆ ಬರುತ್ತದೆ.

ನಾನು ಇದನ್ನು ಕಲಿತದ್ದು 2004ರಲ್ಲಿ, ಕಂಪನಿ ಕೆಲಸಕ್ಕೆ ಅಂತ ಕೋಬೆಗೆ ಹೋದಾಗ. ಸಾಕೆಗೆ ಹೆಸರಾದ ನಾದಾ ಅಲ್ಲೇ. ಎಂಟು ಜನ ಕೂರುವ ಅಂಗಡಿ. ಮುದುಕಿಯೊಬ್ಬಳು ಪಿಂಗಾಣಿ ಹೂಜಿಯನ್ನು ಬಿಸಿನೀರಿಗಿಳಿಸಿ, ತೆಗೆದು, ತಳಕ್ಕೆ ಬೆರಳಿಟ್ಟು ನೋಡಿ, ಮತ್ತೆ ಇಳಿಸುತ್ತಿದ್ದಳು. ಥರ್ಮಾಮೀಟರ್ ಇಲ್ಲ. ಜೊತೆಗೆ ಉಪ್ಪು ಹಚ್ಚಿ ಸುಟ್ಟ ಸಾಬಾ ಮೀನು, ನಮ್ಮ ಬಂಗುಡೆಯ ನೆಂಟನೇ. ಎಣ್ಣೆ ಸೋರುವ ಮೀನು. ಒಂದು ತುಂಡು ಮೀನು, ಒಂದು ಗುಟುಕು ಬೆಚ್ಚಗಿನ ಸಾಕೆ... ನಾಲಿಗೆಗೆ ಅಂಟಿದ ಜಿಡ್ಡು ಕರಗಿ ಹೋಯಿತು. ಅದೇ ಜಾಗದಲ್ಲಿ ಕೆಂಪು ವೈನ್ ಕುಡಿದು ನೋಡಿ, ವೈನಿನ ಕಬ್ಬಿಣದಂಶಕ್ಕೆ ಮೀನು ನಾರುತ್ತದೆ. ಸಾಕೆಯಲ್ಲಿ ಕಬ್ಬಿಣ ತೀರಾ ಕಡಿಮೆ. ನಾದಾದವರು ತಮ್ಮ ಊರಿನ ನೀರನ್ನು ಹೊಗಳುವ ಒಂದು ಕಾರಣವೇ ಅದು.

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಅವನಿಗೆ ಕಲಿಸಿದ್ದನ್ನು ಹೇಳಿದ. ಬಿಳಿ ವೈನಿನ ರೂಲ್ ತಂದು ಸಾಕೆಗೆ ಹಚ್ಚಿ, ಐಸು ತುಂಬಿ, ಅದಕ್ಕೊಂದು ದರ ಹಾಕುವವರ ಮೇಲೆ. ಅಲ್ಲಿಯ ಮುದುಕಿ ಬೆರಳಲ್ಲಿ ಅಳೆಯುತ್ತಿದ್ದದ್ದು ಇಲ್ಲಿ ಮರ್ಯಾದೆಗೇಡು!

ಆ ದಿನ ಕೊನೆಗೆ ಗ್ರೀನ್ ಟೀಗೆ ಅಂತ ಬಿಸಿನೀರು ಕೇಳಿದೆ. ಅದಕ್ಕೇನೂ ತಕರಾರಿಲ್ಲ, ತಂದಿಟ್ಟ. ಸೂಪಿನ ಬಟ್ಟಲಿಗೆ ಸುರಿದು ಸಾಕೆಯ ಕಪ್ಪನ್ನು ಅದರಲ್ಲಿ ಕೂರಿಸಿ ಎರಡು ನಿಮಿಷ ಕಾದೆ. ಬೆರಳಿಟ್ಟು ನೋಡಿದೆ. ಗೆಳೆಯನಿಗೆ ಕೊಟ್ಟೆ. ಅವನು ಒಂದು ಗುಟುಕು ಕುಡಿದು ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ತನ್ನ ಕಪ್ಪನ್ನೂ ಮೆಲ್ಲಗೆ ಬಟ್ಟಲಿನ ಕಡೆ ತಳ್ಳಿದ.