ಆರಂಭಶೂರತ್ವ ಸಾಕು, ನೇಮ ಬೇಕು

ಗಡಿನಾಡಿನ ಕನ್ನಡಿಗರಿಗೆ ಅಭಿಮಾನದ ಕೊರತೆ ಎಂದೂ ಇರಲಿಲ್ಲ. ಕೊರತೆಯಿರುವುದು ನೇಮಕ್ಕೆ. ವರ್ಷಕ್ಕೊಮ್ಮೆ ಸಮ್ಮೇಳನದ ಚಪ್ಪರ ಏಳುತ್ತದೆ, ಭುವನೇಶ್ವರಿಯ ಮೆರವಣಿಗೆ ಹೊರಡುತ್ತದೆ, ಕವಿಗೋಷ್ಠಿಯಲ್ಲಿ ಕನ್ನಡಮ್ಮನ ಕಣ್ಣೀರು ಧಾರಾಕಾರವಾಗಿ ಹರಿಯುತ್ತದೆ, ಸ್ಮರಣ ಸಂಚಿಕೆಯೊಂದು ಅಚ್ಚಾಗಿ ಮನೆಮನೆಯ ಕಪಾಟು ಸೇರುತ್ತದೆ. ಚಪ್ಪರ ಬಿಚ್ಚಿದ ಮರುದಿನದಿಂದ ಮುಂದಿನ ಆಮಂತ್ರಣಪತ್ರ ಬರುವವರೆಗೆ ನಮ್ಮಲ್ಲಿ ಹೆಚ್ಚಿನವರ ಲೇಖನಿ ಮೌನವಾಗಿರುತ್ತದೆ. ಏಕೆಂದು ಕೇಳಿದರೆ ದೊರೆಯುವ ಉತ್ತರ ಒಂದೇ: ‘ಸ್ಫೂರ್ತಿ ಬರಬೇಕಲ್ಲ!’ ಸ್ಫೂರ್ತಿಗಾಗಿ ಕಾದು ಕುಳಿತುಕೊಳ್ಳುವುದೇ ಸಾಹಿತಿಯ ಲಕ್ಷಣವೆಂದು ನಾವು ನಂಬಿದ್ದೇವೆ. ನನ್ನ ದೃಷ್ಟಿಯಲ್ಲಿ ಅದು ಸೋಮಾರಿತನಕ್ಕೆ ಉಡಿಸಿದ ಪೀತಾಂಬರ.

ಕಾಸರಗೋಡಿನ ಕಿಚ್ಚನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದ ಸಂಭ್ರಮದಲ್ಲಿದ್ದಾಗ ನಮ್ಮ ನೆಲ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡನಾಡಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವೇ ಹೇಳಿತು. ಆ ಮಾತು ಕಾಗದದಲ್ಲೇ ಉಳಿಯಿತು. ಇಂತಹ ನೋವಿನಿಂದ ಕಾವ್ಯ ಹುಟ್ಟುವುದು ಸಹಜ. ಆದರೆ ಆ ಕಾವ್ಯವನ್ನು ಬರೆದ ಕಯ್ಯಾರ ಕಿಞ್ಞಣ್ಣ ರೈಗಳ ಕಿಚ್ಚನ್ನಷ್ಟೇ ನೆನೆದು, ಅವರ ದಿನಚರಿಯನ್ನು ನಾವು ಮರೆತಿದ್ದೇವೆ. ಪೆರಡಾಲದ ಶಾಲೆಯಲ್ಲಿ ದೀರ್ಘಕಾಲ ಪಾಠ ಹೇಳಿದ ಅಧ್ಯಾಪಕರು ಅವರು. ಮಣ್ಣಿಗಿಳಿದ ಕೃಷಿಕರು ಕೂಡ. ಅವರ ಕಾವ್ಯಕ್ಕೆ ಬೆನ್ನಾಗಿದ್ದದ್ದು ಆ ನಿತ್ಯದ ದುಡಿಮೆ. ನಾವು ಕಿಡಿಯನ್ನು ಉಳಿಸಿಕೊಂಡು ಸೌದೆಯನ್ನು ಕೈಬಿಟ್ಟೆವು.

ಕನ್ನಡದಲ್ಲಿ ಉಳಿದ ದೊಡ್ಡ ಕೆಲಸಗಳು ಹೇಗೆ ಆದುವೆಂದು ನೋಡೋಣ. ಕಿಟೆಲ್ ಅವರು ಭಾರತಕ್ಕೆ ಬಂದುದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದುದು 1894ರಲ್ಲಿ. ಪದವೊಂದನ್ನು ಕೇಳು, ಬರೆದುಕೊ, ಹೋಲಿಸು, ಮುಂದಿನ ಪದಕ್ಕೆ ಹೋಗು: ಆವೇಶಕ್ಕೆ ಎಡೆಯೇ ಇಲ್ಲದ ದುಡಿಮೆಯದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದರೆ, ಎಂಟನೆಯದಾದ ಕೊನೆಯ ಸಂಪುಟ ಬಂದುದು 1995ರಲ್ಲಿ. ಆ ಕಾರ್ಯದಲ್ಲಿ ಪ್ರಮುಖರಾಗಿದ್ದ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿದವರು. ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ, 1991ರಲ್ಲಿ, ಅವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿದರು. ಓದುಗರು ಕೇಳಿದ ಪದಗಳಿಗೆ ದಶಕಕ್ಕೂ ಮೀರಿ ಉತ್ತರ ಕೊಡುತ್ತ ಹೋದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ನೆಟ್ಟ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಬೆಳೆಯಿತು. ಹಣ ಕೊಟ್ಟ ಓದುಗನಿಗೆ ‘ಈ ವರ್ಷ ಸ್ಫೂರ್ತಿ ಬರಲಿಲ್ಲ’ ಎಂದು ಪ್ರಕಾಶಕ ಹೇಳಲಾಗುವುದಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಪಾರ್ತಿಸುಬ್ಬನ ಕುಂಬಳೆ ನಮ್ಮದೇ. ದೀಪಾವಳಿಯ ಆಸುಪಾಸಿನಲ್ಲಿ ಗೆಜ್ಜೆ ಕಟ್ಟಿದ ಯಕ್ಷಗಾನ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಊರಿಂದೂರಿಗೆ ಸಾಗುತ್ತದೆ. ಇಂದು ಮನಸ್ಸಿಲ್ಲವೆಂದು ಭಾಗವತರು ಜಾಗಟೆಯನ್ನು ಕೆಳಗಿಟ್ಟದ್ದುಂಟೆ? ಪ್ರೇಕ್ಷಕರು ಕಡಿಮೆಯೆಂದು ಚೌಕಿಯಲ್ಲಿ ಬಣ್ಣ ಹಚ್ಚದೆ ಕುಳಿತವರುಂಟೆ? ಸಾಧಾರಣವಾದ ನೂರು ರಾತ್ರಿಗಳನ್ನು ನಿಷ್ಠೆಯಿಂದ ಕಳೆದವನಿಗೆ ಮಾತ್ರ ಅಸಾಧಾರಣವಾದ ಒಂದು ರಾತ್ರಿ ಒಲಿಯುತ್ತದೆ.

ನೇಮದಿಂದ ಬರೆದದ್ದು ಸಪ್ಪೆಯಾಗುತ್ತದೆ, ಕರ್ತವ್ಯದ ಬರವಣಿಗೆಯಲ್ಲಿ ಜೀವವಿರುವುದಿಲ್ಲ ಎಂಬ ಆಕ್ಷೇಪವಿದೆ. ಒಪ್ಪುತ್ತೇನೆ, ಹಲವು ಪುಟಗಳು ಸಪ್ಪೆಯಾಗಿಯೇ ಇರುತ್ತವೆ. ಆದರೆ ವರ್ಷಕ್ಕೊಂದೇ ಕವನ ಬರೆಯುವವನ ಆ ಒಂದು ಕವನ ಸಪ್ಪೆಯಾಗದೆಂಬ ಭರವಸೆ ಎಲ್ಲಿದೆ? ಐವತ್ತು ಪುಟ ಬರೆದವನಿಗೆ ನಲವತ್ತನ್ನು ಬದಿಗಿಟ್ಟು ಹತ್ತನ್ನು ಆರಿಸುವ ಸ್ವಾತಂತ್ರ್ಯವಿದೆ. ಒಂದನ್ನೇ ಬರೆದವನಿಗೆ ಆ ಒಂದನ್ನು ಹೊಗಳಿಕೊಳ್ಳದೆ ಬೇರೆ ದಾರಿಯಿಲ್ಲ. ಪ್ರೀತಿ ಬೇಡವೆಂದು ನಾನು ಹೇಳುತ್ತಿಲ್ಲ. ತಾಯಿ ಮಗುವಿಗೆ ಪ್ರತಿದಿನ ಅನ್ನ ಬೇಯಿಸುವುದು ಪ್ರೀತಿಯಿಂದಲೇ. ಆದರೆ ಪ್ರೀತಿ ಉಕ್ಕಿದ ದಿನ ಮಾತ್ರ ಒಲೆ ಹಚ್ಚುವ ಮನೆಯಲ್ಲಿ ಮಗು ಬದುಕುವುದಿಲ್ಲ.

ಈ ಮಾತಿಗೆ ಈಗ ಅವಸರವೂ ಇದೆ. ನಮ್ಮ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡವಾಗಿ ಕೊರೆದು ನೀರು ತರುವ ಸುರಂಗಗಳಿವೆ. ಕೊಳವೆಬಾವಿಗಳು ಬಂದ ಮೇಲೆ ಅವುಗಳನ್ನು ಕೊರೆಯಬಲ್ಲವರು ಕೆಲವರೇ ಉಳಿದಿದ್ದಾರೆ. ನೀರಿನ ಜಾಡನ್ನು ಗುರುತಿಸಲು, ಕಲ್ಲಿನ ಬಗೆಯನ್ನು ಹೇಳಲು ಅವರು ಬಳಸುವ ಮಾತುಗಳನ್ನು ಬರೆದಿಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಅಡಕೆ ತೋಟದ ಮಾತು, ಗದ್ದೆಬೇಸಾಯದ ಮಾತು, ಬಾಣಂತಿಯ ಮದ್ದಿನ ಹೆಸರು, ಮನೆತನಗಳ ಹಾಗೂ ಬೈಲುಗಳ ಹೆಸರು, ಇವೆಲ್ಲ ಹಿರಿಯರ ನಾಲಗೆಯ ಮೇಲಿವೆ. ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿಯೆಂದು ಪ್ರತಿ ವೇದಿಕೆಯಲ್ಲೂ ಹೊಗಳುತ್ತೇವೆ. ತುಳು, ಮಲಯಾಳ, ಕೊಂಕಣಿಗಳ ನೆರೆಯಲ್ಲಿ ನಮ್ಮ ಮನೆಮಾತಿನ ಕನ್ನಡ ಯಾವ ರೂಪ ತಳೆಯಿತೆಂಬುದನ್ನು ಬರೆದಿಡಬೇಕಾದವರು ನಾವಲ್ಲದೆ ಇನ್ನಾರು? ಅಜ್ಜಿ ತೀರಿಕೊಂಡ ಮೇಲೆ ಎಷ್ಟು ಸ್ಫೂರ್ತಿ ಬಂದರೂ ಆ ಪದ ಹಿಂದಿರುಗುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸಂಘದ ಹತ್ತು ಮಂದಿ ವಾರಕ್ಕೊಂದು ಪುಟ ಬರೆಯಲಿ. ಊರಿನ ಒಂದು ಪದ, ಒಂದು ಅಡುಗೆ, ಒಂದು ಸ್ಥಳನಾಮ, ಹಿರಿಯರು ಹೇಳಿದ ಒಂದು ಸಂಗತಿ, ಯಾವುದಾದರೂ ಸರಿ. ಹೇಳಿದವರ ಹೆಸರು, ಊರು, ತಾರೀಕು ಅದರಲ್ಲಿರಲಿ. ತಿಂಗಳ ಎರಡನೆಯ ಭಾನುವಾರ, ಮಳೆ ಬರಲಿ ಬಿಡಲಿ, ನಾಲ್ವರೇ ಸೇರಲಿ ನಲವತ್ತು ಮಂದಿ ಸೇರಲಿ, ಅವನ್ನು ಓದಿ ಕಡತಕ್ಕೆ ಸೇರಿಸಲಿ. ಕನ್ನಡ ಶಾಲೆಯ ಮಕ್ಕಳನ್ನೂ ಕರೆಯೋಣ. ಅಜ್ಜ ಅಜ್ಜಿಯರನ್ನು ಪ್ರಶ್ನಿಸಲು ಅವರಿಗಿಂತ ತಕ್ಕವರಿಲ್ಲ. ಒಬ್ಬನಿಗೆ ವರ್ಷಕ್ಕೆ 52 ಪುಟ, ಹತ್ತು ಮಂದಿಗೆ 520. ಹತ್ತು ವರ್ಷಗಳಲ್ಲಿ 5,200. ಯಾವ ಸರಕಾರದ ಅನುದಾನವೂ ಇದಕ್ಕೆ ಬೇಡ. ಯಾವ ಆಯೋಗದ ವರದಿಗೂ ಕಾಯಬೇಕಾಗಿಲ್ಲ.

ಮುಂದಿನ ಸಮ್ಮೇಳನದಲ್ಲಿ ನಮ್ಮ ಸಂಘದ ಸಾಧನೆಯನ್ನು ಜನ ಸೇರಿದ ಸಂಖ್ಯೆಯಿಂದ ಅಳೆಯದೆ, ಆ ಕಡತದ ದಪ್ಪದಿಂದ ಅಳೆಯೋಣ. ಈ ಸಂಚಿಕೆಯನ್ನು ಮಡಿಚಿಡುವ ಮೊದಲು ಒಂದು ಹಾಳೆಯ ಮೇಲೆ ಇಂದಿನ ತಾರೀಕನ್ನು ಬರೆಯಿರಿ. ಮೊದಲ ಪದ ಮನೆಯ ಹಿರಿಯರ ಬಳಿಯಿದೆ, ಹೋಗಿ ಕೇಳಿರಿ.