ಹಳೆಯ ಗಣಕಯಂತ್ರವೂ ಹೊಸ ಅಪ್ಪಣೆಯೂ

ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ ಕೊಡುತ್ತಿದ್ದ ಉಚಿತ ರಕ್ಷಣೆಯನ್ನು ಮೈಕ್ರೋಸಾಫ್ಟ್ ಕಂಪೆನಿಯವರು 2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ನಿಲ್ಲಿಸಿದುದು ಓದುಗರಿಗೆ ತಿಳಿದ ಸಂಗತಿಯೇ ಆಗಿದೆ. ಅದು 2015ರಲ್ಲಿ ಹೊರಟಾಗ ಇದೇ ಕಡೆಯ ವಿಂಡೋಸ್ ಎಂದು ಆ ಕಂಪೆನಿಯ ಉದ್ಯೋಗಸ್ಥರೊಬ್ಬರು ಸಭೆಯಲ್ಲಿ ನುಡಿದಿದ್ದರು. 2021ರಲ್ಲಿ ವಿಂಡೋಸ್ 11 ಬಂದಿತು. ಬಂದುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಅದರ ನೆಪದಿಂದ, ದಿನವೂ ಕೆಲಸಮಾಡುತ್ತಿರುವ ಯಂತ್ರಗಳನ್ನು ಪರೀಕ್ಷೆಯೇ ಇಲ್ಲದೆ ಗುಜರಿಗೆ ಕಳುಹಿಸಿ, ಹೊಸವಕ್ಕಾಗಿ ಸಾರ್ವಜನಿಕ ದ್ರವ್ಯವನ್ನು ವೆಚ್ಚಮಾಡುವ ಉತ್ಸಾಹವು ಕಛೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಕಾಣಿಸಿಕೊಂಡಿರುವುದರಿಂದ ಎರಡು ಮಾತನ್ನು ಬರೆಯುವುದು ನಮ್ಮ ಕರ್ತವ್ಯವಾಗಿದೆ.

ಇದನ್ನು ನಾವು ಕೇಳಿದ ಮಾತಿನಿಂದ ಬರೆಯುತ್ತಿಲ್ಲ. ನಮ್ಮ ಮುದ್ರಣಾಲಯದಲ್ಲಿ 2018ರಲ್ಲಿ ಕೊಂಡ ಯಂತ್ರವೊಂದಿದೆ. ಅದರ ಪ್ರಾಸೆಸರು ಇಂಟೆಲ್‌ನ ಎಂಟನೆಯ ಪೀಳಿಗೆಯದು; ಅಂದರೆ ಹೊಸ ವ್ಯವಸ್ಥೆಗೆ ಅರ್ಹವಾದುದೇ. ಆದರೂ ಪರೀಕ್ಷಿಸಿದಾಗ ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವು ಕಾಣುವುದಿಲ್ಲವೆಂದು ಪರದೆಯು ತಿಳಿಸಿತು. ಮಾರಾಟಗಾರರ ಕಡೆಯಿಂದ ಬಂದ ಮೆಕ್ಯಾನಿಕರು ಬಯೋಸಿನೊಳಗೆ ಕೈಯಾಡಿಸಿ, ಹಳೆಯ ಲೆಗಸಿ ಪದ್ಧತಿಯನ್ನು ತೆಗೆದು ಯು.ಇ.ಎಫ್.ಐ. ಪದ್ಧತಿಯನ್ನು ಇಟ್ಟರು. ಮರುಕ್ಷಣದಿಂದ ಯಂತ್ರವು ಏಳಲೇ ಇಲ್ಲ. ಡಿಸ್ಕು ಸತ್ತಿತು, ಬೋರ್ಡೂ ಹೋಗಿರಬಹುದು, 40,000 ರೂಪಾಯಿಗೆ ಹೊಸದನ್ನು ತರುವುದು ಲೇಸು ಎಂದು ಅವರು ತೀರ್ಪಿತ್ತು ಹೊರಟುಹೋದರು.

ಡಿಸ್ಕು ಸತ್ತಿರಲಿಲ್ಲ. ನಮ್ಮಲ್ಲಿ ಪುಟಕಟ್ಟುವ ಯುವಕರೊಬ್ಬರು ಸಮಾಧಾನದಿಂದ ಕುಳಿತು, ಆ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಿದೊಡನೆ ಯಂತ್ರವು ಮೊದಲಿನಂತೆ ಎದ್ದಿತು. ಆ ಡಿಸ್ಕನ್ನು ಎಂ.ಬಿ.ಆರ್. ಎಂಬ ಹಳೆಯ ಕ್ರಮದಲ್ಲಿ ವಿಭಾಗಿಸಿತ್ತು, ಯು.ಇ.ಎಫ್.ಐ. ಪದ್ಧತಿಗೆ ಜಿ.ಪಿ.ಟಿ. ಕ್ರಮವು ಬೇಕು. ಕಡತಗಳನ್ನು ಕಳೆಯದೆ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಎಂ.ಬಿ.ಆರ್.2ಜಿ.ಪಿ.ಟಿ. ಎಂಬ ಸಾಧನವು ವಿಂಡೋಸ್ 10ರಲ್ಲಿಯೇ ಇರುತ್ತದೆ. ಆದರೂ ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಂಡೇ ಅವರು ಆ ಕೆಲಸಕ್ಕೆ ಕೈಹಚ್ಚಿದರು. ಟಿ.ಪಿ.ಎಂ. ಕೂಡ ಯಂತ್ರದಲ್ಲಿ ಇದ್ದಿತು. ಬಯೋಸಿನಲ್ಲಿ ಅದನ್ನು ಮುಚ್ಚಿಟ್ಟಿತ್ತು, ಅಷ್ಟೇ. ಇಂಟೆಲ್ ಬೋರ್ಡುಗಳಲ್ಲಿ ಅದು ಪಿ.ಟಿ.ಟಿ. ಎಂಬ ಹೆಸರಿನಿಂದ ಇರುವುದರಿಂದ, ಟಿ.ಪಿ.ಎಂ. ಎಂದು ಹುಡುಕುವವನಿಗೆ ಸಿಕ್ಕದು.

ಇಷ್ಟಾದರೂ ಇಳಿಸಿಕೊಳ್ಳುವ ಕೆಲಸವು ನಡುವೆ ನಿಂತಿತು. ಕಾರಣವೇನೆಂದು ಹುಡುಕಿದರೆ, ಯಂತ್ರದ ಗಡಿಯಾರವು ವರ್ಷಗಳಷ್ಟು ಹಿಂದಿನ ತಾರೀಖನ್ನು ತೋರಿಸುತ್ತಿತ್ತು! ತಾರೀಖು ತಪ್ಪಿದರೆ ಜಾಲದ ಆಚೆಯಿಂದ ಬರುವ ಭದ್ರತಾ ಪ್ರಮಾಣಪತ್ರಗಳು ಸಲ್ಲುವುದಿಲ್ಲ. ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸೋತಿತ್ತು. ಅದರ ಬೆಲೆಯನ್ನು ಬರೆಯಲು ನಮಗೇ ನಾಚಿಕೆಯಾಗುತ್ತದೆ. ಅನಂತರ ಹಳೆಯ ಪ್ರಿಂಟರಿನ ತಂತಿಯನ್ನೂ ಕಳಚಿಟ್ಟು ಪುನಃ ತೊಡಗಿದಾಗ ಕಾರ್ಯವು ಸಾಂಗವಾಯಿತು. ಹಿಡಿಸದಿದ್ದರೆ 10 ದಿನಗಳೊಳಗೆ ಹಳೆಯ ವ್ಯವಸ್ಥೆಗೆ ಹಿಂದಿರುಗುವ ಅನುಕೂಲವೂ ಇದೆ.

ಎಲ್ಲ ಯಂತ್ರಗಳೂ ಹೀಗೆ ಬದುಕುತ್ತವೆಂದು ನಾವು ಹೇಳುವುದಿಲ್ಲ. ನಮ್ಮ ಇನ್ನೊಂದು ಯಂತ್ರವು 2014ರದು. ಅದರ ಪ್ರಾಸೆಸರನ್ನು ಕಂಪೆನಿಯವರ ಪಟ್ಟಿಯು ಒಪ್ಪುವುದಿಲ್ಲ. ಬಯೋಸಿನಲ್ಲಿ ಎಷ್ಟು ತಡಕಿದರೂ ಫಲವಿಲ್ಲ. ನಿಬಂಧನೆಯನ್ನು ವಂಚಿಸಿ ಒಳನುಗ್ಗಿಸುವ ಉಪಾಯಗಳಿವೆಯಾದರೂ, ಅಂತಹ ಯಂತ್ರಕ್ಕೆ ಮುಂದಿನ ರಕ್ಷಣೆಯ ಭರವಸೆಯನ್ನು ಕಂಪೆನಿಯವರು ಕೊಟ್ಟಿಲ್ಲವಾದುದರಿಂದ ಸಾರ್ವಜನಿಕ ಕಛೇರಿಗಳಿಗೆ ಅದು ಯುಕ್ತವಲ್ಲ. ಸಂಸ್ಥೆಗಳು ಹಣತೆತ್ತು ವಿಂಡೋಸ್ 10ರಲ್ಲಿಯೇ ಮೂರು ವರ್ಷ ಮುಂದುವರಿಯಬಹುದೆಂದು ಅವರು ಪ್ರಕಟಿಸಿದ್ದರು. ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರು, ಅನಂತರ ವರ್ಷವರ್ಷವೂ ಇಮ್ಮಡಿ. ಬಡ್ಡಿಯ ಸಾಹುಕಾರನೂ ಇಷ್ಟು ಬೇಗ ಏರಿಸಲಾರ. ನಾವು ಆ ಯಂತ್ರಕ್ಕೆ ಎಸ್.ಎಸ್.ಡಿ. ಹಾಕಿಸಿ ಲಿನಕ್ಸನ್ನು ಇಳಿಸಿದೆವು. ಯೂನಿಕೋಡ್ ಕನ್ನಡವನ್ನು ಬರೆಯುವುದಕ್ಕೂ ಕರಡು ತಿದ್ದುವುದಕ್ಕೂ ಪತ್ರವ್ಯವಹಾರಕ್ಕೂ ಯಾವ ಕೊರತೆಯೂ ಕಂಡಿಲ್ಲ. ಪುಟಕಟ್ಟುವ ನಮ್ಮ ಹಳೆಯ ಸಾಧನವು ಅದರಲ್ಲಿ ನಡೆಯದೆಂಬುದನ್ನು ಮುಚ್ಚಿಡುವುದೂ ಸರಿಯಲ್ಲ. ಕೇರಳದವರು ತಮ್ಮ ಸರ್ಕಾರಿ ಶಾಲೆಗಳ ಗಣಕಯಂತ್ರಗಳನ್ನು ಬಹುಕಾಲದಿಂದ ಲಿನಕ್ಸಿನಲ್ಲಿಯೇ ನಡೆಸುತ್ತಿದ್ದಾರೆ; ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯವರು ರಚಿಸಿದ ಬಾಸ್ ಎಂಬ ಸ್ವದೇಶೀ ವ್ಯವಸ್ಥೆಯೂ ಇದೆ. ಪರದೇಶದ ಕಂಪೆನಿಯೊಂದರ ಪಂಚಾಂಗವನ್ನು ನೋಡಿ ನಮ್ಮ ತಾಲ್ಲೂಕು ಕಛೇರಿಗಳು ಯಂತ್ರ ಬದಲಾಯಿಸಬೇಕೆಂಬ ವಿಧಿಯೇನೂ ಇಲ್ಲ.

ಇದಕ್ಕಿಂತಲೂ ನಮ್ಮನ್ನು ಕಾಡುವ ಸಂಗತಿ ಇನ್ನೊಂದಿದೆ. ಮೆಕ್ಯಾನಿಕರು ಸಾಮಾನ್ಯವಾಗಿ ಹೇಳುವ ಮದ್ದು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದಿಟ್ಟ ಕನ್ನಡ ಕಡತಗಳು ಕನ್ನಡವಾಗಿ ಕಾಣುವುದು ಆ ಫಾಂಟು ಯಂತ್ರದಲ್ಲಿ ಇರುವವರೆಗೆ ಮಾತ್ರ. ಫಾಂಟು ಅಳಿದರೆ ನಡಾವಳಿಗಳೂ ಠರಾವುಗಳೂ ವಂಶವೃಕ್ಷಗಳೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತವೆ. ಯಾವ ಫಾಂಟಿನದೆಂದು ಬಲ್ಲ ಗುಮಾಸ್ತರು ನಿವೃತ್ತರಾಗಿದ್ದರೆ ಅದನ್ನು ಓದಿಸುವುದು ಎಷ್ಟು ಕಷ್ಟವೆಂಬುದನ್ನು ಕಛೇರಿಗಳಲ್ಲಿರುವವರು ಬಲ್ಲರು.

ಆದುದರಿಂದ ಸರ್ಕಾರದವರು ಹೊಸ ಯಂತ್ರಗಳಿಗೆ ಟೆಂಡರು ಕರೆಯುವ ಮೊದಲು ಪ್ರತಿಯೊಂದು ಕಛೇರಿಯಿಂದಲೂ ಒಂದು ಪಟ್ಟಿಯನ್ನು ತರಿಸಿಕೊಳ್ಳಲಿ. ಯಂತ್ರವು ಯಾವ ವರ್ಷದ್ದು, ಪ್ರಾಸೆಸರು ಯಾವ ಪೀಳಿಗೆಯದು, ಟಿ.ಪಿ.ಎಂ. ಇಲ್ಲವೋ ಅಥವಾ ಮುಚ್ಚಿದೆಯೋ, ತಿರಸ್ಕಾರಕ್ಕೆ ಕಾರಣವೇನು ಎಂಬಿವು ಅದರಲ್ಲಿ ಬರಲಿ. ಅದಕ್ಕೆ ಮಾರಾಟಗಾರರಲ್ಲದವರು ರುಜು ಹಾಕಲಿ. ಹಳೆಯ ಫಾಂಟುಗಳ ಪ್ರತಿಯನ್ನು ತೆಗೆದಿರಿಸಿ, ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ಹೊರತು ಒಂದು ಡಿಸ್ಕನ್ನೂ ಅಳಿಸಕೂಡದೆಂದು ಇಲಾಖೆಗಳ ಮುಖ್ಯಸ್ಥರು ಸುತ್ತೋಲೆ ಹೊರಡಿಸಲಿ.